ಬೀಗರ ಮನೆ ಬಿರುಕಿನ ಆಚೆಗೋ ಈಚೆಗೋ

ಒತ್ತುಶಕೆ ನಾಲ್ಕು ಕೋಟಿ ಹನ್ನೊಂದು, ಈ ವಾರದ ಎರಡನೇ ಬುಧವಾರ

ಹಿಂದಿನ ಕಾಲದ ಹಿರಿಯರಿಗೆ ಓಬಳವ್ವ ಮಾಡುವ ನಮಸ್ಕಾರ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಮಗಳು ಸಿರಿಯವ್ವನ ಧಾರೆ ನಡೆಯುತ್ತಿದೆ; ಅಷ್ಟರಲ್ಲಿ ನೆಲ ಬಿರಿದು, ಗಂಡಿನ ಕಡೆಯವರು ಕುಳಿತ ಪಂಕ್ತಿಯೇ ಪಾಯಸದ ಕೊಪ್ಪರಿಗೆ ಸಮೇತ ಉತ್ತರಕ್ಕೆ ಜಾರಿಹೋಯಿತು. ಒಬ್ಬರೂ ಊಟ ಬಿಟ್ಟು ಏಳಲಿಲ್ಲ. ಎದ್ದವಳೇ ಬರೆಯಲು ಕುಳಿತೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಶಾಲೆ ಬಿರುಕಿನ ಆಚೆಗಿತ್ತು, ಮುರಿದ ಸೇತುವೆಯನ್ನು ಮತ್ತೆ ಯಾರೂ ಕಟ್ಟಲಿಲ್ಲ.

ನೀವು ಚಿತ್ರದುರ್ಗ ಎನ್ನುತ್ತಿದ್ದ ಸೀಮೆ ಈಗ ಬಯಲಲ್ಲ. ದಕ್ಷಿಣದಿಂದ ಇನ್ನೊಂದು ಭೂಖಂಡ ಬಂದು ಒತ್ತಿ, ಸುತ್ತಲೂ ಬೆಟ್ಟ ಎದ್ದಿದೆ. ಇದಕ್ಕೆ ಒತ್ತುಸೀಮೆ ಎನ್ನುತ್ತೇವೆ. ಎಳೆಯ ಕಲ್ಲುಗಳೆಲ್ಲ ಕಂಬಳಿಯಂತೆ ಮಡಿಕೆ ಬಿದ್ದಿವೆ. ನಮ್ಮೂರಿರುವುದು ಅಜ್ಜಬಂಡೆಯ ಮೇಲೆ, ಅಂದರೆ ನಿಮ್ಮ ಕಾಲಕ್ಕೇ ಮುದಿಯಾಗಿದ್ದ ಆ ಗಟ್ಟಿ ಕಲ್ಲಿನ ಮೇಲೆ. ಅದು ಸುಲಭಕ್ಕೆ ಮಡಿಯುವುದಿಲ್ಲ, ಒತ್ತಿದಷ್ಟೂ ಇಡಿಯಾಗಿ ಸರಿಯುತ್ತದೆ. ತೀರಾ ತಡೆಯದಾದಾಗ, ಎಂದೋ ಆಗಿ ವಾಸಿಯಾದಂತಿದ್ದ ಹಳೆಯ ಬಿರುಕಿನಲ್ಲೇ ಮತ್ತೆ ಬಿಟ್ಟುಕೊಳ್ಳುತ್ತದೆ. ನನ್ನ ಗಂಡ ಪಾಲಯ್ಯನೂ ಹೀಗೇ. ಯಾವ ಜಗಳ ತೆಗೆದರೂ ನಮ್ಮ ಮದುವೆಯಲ್ಲಿ ಅವನ ತಮ್ಮನಿಗೆ ವಡೆ ಸಿಗದ ವಿಷಯಕ್ಕೇ ಬಂದು ನಿಲ್ಲುತ್ತಾನೆ.

ಆದ್ದರಿಂದ ನಮ್ಮಲ್ಲಿ ಹೆಣ್ಣು ಕೊಡುವಾಗ ಜಾತಕ ನೋಡುವುದಿಲ್ಲ, ಬಿರುಕು ನೋಡುತ್ತೇವೆ. ಒಂದೇ ತುಂಡಿನ ಮೇಲಿನ ಮನೆಗಳು ಜೊತೆಗೇ ಸರಿಯುತ್ತವೆ. ಬಿರುಕಿನ ಆಚೆಗೆ ಕೊಟ್ಟ ಮಗಳು ವರ್ಷಕ್ಕೊಂದು ಗೇಣು ದೂರವಾಗುತ್ತಾಳೆ. ಅರಿಶಿನದ ನೂಲನ್ನು ಎರಡೂ ಹೊಸಿಲಿಗೆ ಬಿಗಿದು ಒಂದು ಮಳೆಗಾಲ ಕಾಯಬೇಕು. ಹರಿದರೆ ಸಂಬಂಧ ಬೇಡ.

ನಮ್ಮ ನೂಲು ಹರಿಯಿತು. ಬೀಗಿತ್ತಿ ತಿಪ್ಪಮ್ಮ ತನ್ನ ಮೇಕೆಯನ್ನು ಎಳೆದು ತಂದು ನಿಲ್ಲಿಸಿದಳು. "ಇದು ತಿಂದೈತೆ ಕಣವ್ವಾ, ಮೂತಿ ಮ್ಯಾಲೆ ಅರಿಶಿನ ಐತೆ ನೋಡು!" ಮೂತಿ ಹಳದಿಯಾಗಿತ್ತು, ನಿಜ. ಆದರೆ ಹಣೆಯೂ ಹಳದಿಯಾಗಿತ್ತು. ಮೇಕೆ ಹಣೆಯಿಂದ ತಿನ್ನುತ್ತದೆಯೇ? ಕೇಳಿದ್ದಕ್ಕೆ ಪಾಲಯ್ಯ, "ಮೇಕೆ ಮ್ಯಾಲೂ ಅನುಮಾನ ಪಡ್ತೀಯಲ್ಲೇ ಮಾರಾಯ್ತಿ" ಎಂದ. ಸಿರಿಯವ್ವ ಮಾತ್ರ, "ಗೇಣುದ್ದಕ್ಕೆ ಹೆದರ್ಕೊಂಡು ನಿನ್ನ ಸೆರಗಲ್ಲೇ ಕೂತಿರ್ಲಾ?" ಎಂದು ಮುಖ ತಿರುಗಿಸಿದಳು. ಚಪ್ಪರ ಏಳುತ್ತಿದೆ. ಇನ್ನೊಂದು ನೂಲು ಕಟ್ಟಲು ಮಳೆಗಾಲ ಉಳಿದಿಲ್ಲ.

ಬೀಗರ ಮನೆ ಒಂದು ದೊಡ್ಡ ಗುಂಡುಕಲ್ಲಿನ ನೆತ್ತಿಯ ಮೇಲಿದೆ. ಅದರ ಬುಡ ಈಗ ಮಣ್ಣಿನಡಿ. ನಿಮ್ಮ ಕಾಲದಲ್ಲಿ ತೆರೆದಿತ್ತಂತೆ, ಕೂತ ಆನೆಯ ಹಾಗೆ ಕಾಣುತ್ತಿತ್ತಂತೆ. ನಮ್ಮ ಮನೆ ಅದರ ಮೂಡಣಕ್ಕಿದೆ. ಹಳೆಯ ಬಿರುಕು ಆ ಆನೆಯ ಮೂಡಣಕ್ಕೆ ಹಾದಿದೆಯೋ ಪಡುವಣಕ್ಕೋ, ದಯಮಾಡಿ ಹೋಗಿ ನೋಡಿ. ಪಡುವಣಕ್ಕಾದರೆ ಎರಡೂ ಮನೆ ಒಂದೇ ತುಂಡು. ಹಾಗಿದ್ದರೆ ನೆತ್ತಿಯ ಮೇಲೆ ದೊಡ್ಡದಾಗಿ ಕೆತ್ತಿಬಿಡಿ. ತಿಪ್ಪಮ್ಮನ ಒಲೆಯ ಪಕ್ಕ ಆ ಕಲ್ಲಿನ ಮೇಲೆ ಜಾಗ ಖಾಲಿಯಿದೆ, ನಾನೇ ಹೋಗಿ ಓದಿಕೊಳ್ಳುತ್ತೇನೆ.

ಮೂಡಣಕ್ಕೆ ಎಂದು ಕಂಡರೆ ಏನೂ ಕೆತ್ತಬೇಡಿ. ಇನ್ನೊಮ್ಮೆ ನೋಡಿ. ಸಿರಿಯವ್ವನಿಗೆ ಹುಡುಗ ಬಹಳ ಹಿಡಿಸಿದ್ದಾನೆ.