ನೂಲಿನಲ್ಲಿ ಅಳೆದ ದಾರಿ

ಅಕ್ಕಾ,

ಇಲ್ಲಿ ಹೆಸರಿಗೂ ಒಂದು ಮರವಿಲ್ಲ. ಸಂಜೆಯಾದರೆ ಮನೆಯೆತ್ತರದ ಬಂಡೆಗಳು ಇಟ್ಟಿಗೆಗೂಡಿನಂತೆ ಕೆಂಪಾಗುತ್ತವೆ. ನಾಳೆ ಅವುಗಳ ನಡುವೆ ನಮ್ಮ ಸೈಕಲ್ ಸವಾರಿ. ಅರವತ್ತು ಕಿಲೋಮೀಟರ್, ನಾಲ್ಕೇ ಗಂಟೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ತಪ್ಪು. ನಕ್ಷೆಯ ಮೇಲೆ ನೂಲಿಟ್ಟು ಅಳೆದಿದ್ದೆ. ಸೈಕಲ್ ಅಂಗಡಿಯವನು ನಕ್ಕುಬಿಟ್ಟ: "ನೂಲು ಏರು ಹತ್ತುತ್ತಾ ಸಾರ್? ದಾರೀಲಿ ಮೂರು ಘಾಟಿ ಇದೆ, ನೀರು ಎಲ್ಲೂ ಸಿಗಲ್ಲ."

ಭಾವನಿಗೆ ತಿಳಿಸಿದೆ. "ನೆರಳು ಕಂಡ್ರೂ ಹೆದರ್ತೀಯಲ್ಲೋ, ಇಲ್ಲಿ ನೆರಳೇ ಇಲ್ಲ!" ಎಂದು ಆಪರೇಷನ್ ಆದ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡರು. ತಲಾ ನಾಲ್ಕು ಬಾಟಲಿ ನೀರು ತುಂಬಿಟ್ಟಿದ್ದೇನೆ. ಮೊದಲ ಏರಿನಲ್ಲೇ ಅವರು ಮುಖ ಕಿವುಚಿದರೂ ಸಾಕು, ವಾಪಸ್ ಕರೆತರುತ್ತೇನೆ.

ನೀನು ಅವರನ್ನು ಕಳಿಸಿದ್ದು ನನ್ನ ಲೆಕ್ಕ ನಂಬಿ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಈ ಕಾರ್ಡು ಸೇರುವಷ್ಟರಲ್ಲಿ ಸವಾರಿ ಮುಗಿದಿರುತ್ತದೆ. ಬೈಯುವುದಿದ್ದರೆ ನನ್ನನ್ನೇ ಬೈ.

ನಿನ್ನ ತಮ್ಮ