ಗೋಡೆಯ ಮೇಲಿನ ಬಾಣಗಳಿಗೆ ವಿವರಣೆ

ಮೈಕು,

ಈ ಹೆಸರನ್ನು ನೀನು ಮರೆತಿರಲಾರೆ. ಮೈಕಿಲ್ಲದೆ ಇಡೀ ಬೀದಿಗೆ ಕೇಳುವಂತೆ ಧಿಕ್ಕಾರ ಕೂಗುತ್ತಿದ್ದೆ ಎಂದು ನಾವೆಲ್ಲ ಸೇರಿ ಇಟ್ಟದ್ದು. ಈಗ ನಿನ್ನ ಕಾಲರಿಗೇ ಒಂದು ಮೈಕು ಅಂಟಿಕೊಂಡಿದೆ. ದನಿ ಮಾತ್ರ ಮೊದಲ ಸಾಲಿನ ಕುರ್ಚಿಗಳನ್ನು ದಾಟುವುದಿಲ್ಲ.

ಶಾಲೆಯ ಪ್ರದರ್ಶನದ ದಿನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಅತಿಥಿಗಳ ಮುಂದೆ ಅನುಚಿತವಾಗಿ ಮಾತಾಡಿದಳಂತೆ, ಅದಕ್ಕೆ ಅವಳ ಶಿಕ್ಷಕಿ ಲಿಖಿತ ವಿವರಣೆ ಕೊಡಬೇಕಂತೆ. ಶಾಲೆಗಳನ್ನು ಸುಧಾರಿಸಲು ಹೊರಟ ನಿನ್ನ ಸಂಸ್ಥೆಯ ಕಚೇರಿಯಿಂದ ಬಂದ ಅಪ್ಪಣೆ. ತಗೋ, ಕೊಟ್ಟಿದ್ದೇನೆ. ನಾನು ಬರೆದ ಕರಪತ್ರಗಳನ್ನೆಲ್ಲ ಓದದೆಯೇ ಹಂಚಿದವನು ನೀನು. ಇದೊಂದನ್ನಾದರೂ ಓದು.

ನೀನು ಟ್ಯಾಬುಗಳ ಪೆಟ್ಟಿಗೆ ಹೊರಿಸಿಕೊಂಡು ನಮ್ಮ ಶಾಲೆಗೆ ಬಂದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು. ಮಕ್ಕಳು ಬಾಯಿಪಾಠದಿಂದಲ್ಲ, ಮಾಡಿ ಕಲಿಯಬೇಕು; ಉಳ್ಳವರ ಮಕ್ಕಳ ಕೈಯಲ್ಲಿರುವ ಯಂತ್ರ ನಮ್ಮ ಮಕ್ಕಳ ಕೈಗೂ ಬರಬೇಕು. ಇದನ್ನೇ ಅಲ್ಲವೇನೋ ನಾವು ಬಿಸಿಲಲ್ಲಿ ನಿಂತು ಕೇಳಿದ್ದು? ಆದರೆ ನೀನು ನನ್ನ ಮುಖ ನೋಡಿ "ನಮಸ್ತೆ ಮೇಡಂ" ಎಂದೆ. ಲಾಠಿ ಏಟು ಬಿದ್ದ ದಿನ "ಅಕ್ಕಾ, ಬೆನ್ನು ನೋಡೇ" ಎಂದು ಅಂಗಿ ಎತ್ತಿದ ಬಾಯಿಗೆ ಅಕ್ಕ ಅನ್ನುವ ಎರಡಕ್ಷರ ಭಾರವಾಗಿತ್ತು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಆಮೇಲೆ ನಮಗೆ, ಶಿಕ್ಷಕರಿಗೆ, ತರಬೇತಿ. ಪರದೆಯ ಮೇಲೆ ಉರಿಯುವ ಬಲ್ಬಿನ ಚಿತ್ರ. "ಮಕ್ಕಳು ಪ್ರಶ್ನೆ ಕೇಳಲಿ, ಉತ್ತರ ಹುಡುಕಿಕೊಂಡು ಹೋಗಲಿ, ನೀವು ಅಡ್ಡ ಬರಬೇಡಿ" ಎಂದೆ. ಅದೇ ಉಸಿರಿನಲ್ಲಿ, ಟ್ಯಾಬಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಬಾರದು, ಫೋಟೋದಲ್ಲಿ ಹೊಸದಾಗಿ ಕಾಣಬೇಕು ಎಂದೂ ಹೇಳಿದೆ. ಪ್ರದರ್ಶನಕ್ಕೆ ಮಕ್ಕಳು ಮಾಡಬೇಕಾದ ಪ್ರಾಜೆಕ್ಟಿಗೆ ವಿಷಯ ಕೊಟ್ಟವನೂ ನೀನೇ: ನಮ್ಮ ಸುತ್ತಲಿನ ನೀರು.

ಪಾಪ, ಮಕ್ಕಳು ನಿನ್ನನ್ನು ನಂಬಿಬಿಟ್ಟರು.

ನಮ್ಮ ತರಗತಿಯಲ್ಲಿ ಒಬ್ಬಳಿದ್ದಾಳೆ. ಮಾತೆತ್ತಿದರೆ ಯಾಕೆ, ಯಾಕೆ ಅನ್ನುತ್ತಾಳೆಂದು ಮಕ್ಕಳೇ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದಾರೆ. ಅವಳು ಎದ್ದು ನಿಂತು ಕೇಳಿದಳು: "ಟೀಚರ್, ಹುಡುಗೀರ ಶೌಚಾಲಯಕ್ಕೆ ನೀರು ಯಾಕೆ ಬರಲ್ಲ? ಮೊದಲು ಬರ್ತಿತ್ತಲ್ಲ?" ಅಲ್ಲಿ ನಲ್ಲಿ ಒಣಗಿದಂದಿನಿಂದ ನಮ್ಮ ಹುಡುಗಿಯರು ಶಾಲೆ ಬಿಡುವವರೆಗೆ ಗುಟುಕು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದಲ್ಲ. ಉರಿಮೂತ್ರವಾಗಿ ಯಾಕಮ್ಮ ಒಂದು ವಾರ ಮನೆಯಲ್ಲಿ ಮಲಗಿದ್ದಳು. ನಿನ್ನ ವಿಷಯ ಅವಳಿಗೆ ಹೊಟ್ಟೆಯೊಳಗಿನ ವಿಷಯ.

ನಾನು ಅಡ್ಡ ಬರಲಿಲ್ಲ. ಮಕ್ಕಳು ಸೀಮೆಸುಣ್ಣ ಹಿಡಿದು ನೀರಿನ ಟ್ಯಾಂಕಿನ ಬುಡದಿಂದ ಹೊರಟರು. ಪೈಪು ಹೋದ ಕಡೆಗೆಲ್ಲ ಗೋಡೆಯ ಮೇಲೊಂದು ಬಾಣ, ತಿರುಗಿದ ಕಡೆ ಟ್ಯಾಬಿನಲ್ಲೊಂದು ಫೋಟೋ. ಪ್ಲಾಸ್ಟಿಕ್ಕಿನ ಗುಳ್ಳೆಗಳ ನಡುವೆ ಏನೂ ಕಾಣದೆ ಯಾಕಮ್ಮ ಆ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಪರ್ರನೆ ಕಿತ್ತಳು. ಶಾಲೆಯಲ್ಲಿ ಅಷ್ಟು ಚೆಂದದ ಸದ್ದನ್ನು ನಾನು ಕೇಳಿಯೇ ಇರಲಿಲ್ಲ.

ಬಾಣಗಳು ಹೋಗಿ ನಿಂತದ್ದು ನಿನ್ನ ಹೊಸ ಸ್ಮಾರ್ಟ್ ಕೋಣೆಯ ಹಿಂದೆ, ಬೀಗ ಜಡಿದ ಕಬ್ಬಿಣದ ಪೆಟ್ಟಿಗೆಯ ಮುಂದೆ. ಸಂದಿಯಿಂದ ಇಣುಕಿದರೆ ಒಳಗೆ ವಾಲ್ವು. ಅದನ್ನು ತಿರುಗಿಸಿ, ಹುಡುಗಿಯರ ಪಾಲಿನ ನೀರನ್ನು ನಿನ್ನ ಅತಿಥಿಗಳ ಬಾತ್‌ರೂಮಿಗೆ ಬಿಟ್ಟುಕೊಂಡಿದ್ದೀರಿ. ಹೊಳೆಯುವ ಟೈಲ್ಸು, ದೊಡ್ಡ ಕನ್ನಡಿ, ವರ್ಷಕ್ಕೆರಡು ಸಲ ಬರುವವರಿಗೆ! ಹೆಡ್‌ಮಾಸ್ಟರನ್ನು ಕೇಳಿದರೆ, "ಬೀಗದ ಕೈ ಅವರ ಆಫೀಸಲ್ಲಿದೆ ಕಣ್ರೀ. ನನ್ನ ಕೈಲೇನಿದೆ, ಗಂಟೆ ಹೊಡೆಯೋ ಕೋಲು" ಎಂದರು.

ಪ್ರದರ್ಶನದ ಹಿಂದಿನ ದಿನ ಬಂದು ನೀನು ಬಾಣಗಳನ್ನು ನೋಡಿದೆ. ನಿನಗೆ ಅರ್ಥವಾಯಿತು, ಆಗಲಿಲ್ಲ ಎಂದು ನಟಿಸಬೇಡ. "ಇದು ಪಾಸಿಟಿವ್ ಆಗಿಲ್ಲ ಮೇಡಂ" ಎಂದೆ. ಬರೆದ ಮಕ್ಕಳ ಕೈಗೇ ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದೆ. ಒರೆಸಲು ಬಕೆಟ್ಟು ತುಂಬಿದ್ದು ಎಲ್ಲಿ? ಅದೇ ಬಾತ್‌ರೂಮಿನಲ್ಲಿ. ಗೋಡೆ ತೊಳೆಯಲು ನೀರಿತ್ತು ನಿನ್ನಲ್ಲಿ.

ಆಮೇಲೆ ಎದುರಿನ ಸ್ಟೇಷನರಿ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದೆ. ಅಂಗಡಿಯವನು ತಲೆಯನ್ನೇ ಎತ್ತಲಿಲ್ಲ. "ಎಷ್ಟನೇ ಕ್ಲಾಸು ಸಾರ್? ನಾಲ್ಕಕ್ಕೆ ಜಲಪಾತ, ಐದಕ್ಕೆ ಜ್ವಾಲಾಮುಖಿ. ಆರಕ್ಕೆ ಸೌರಮಂಡಲ ಇತ್ತು, ಖಾಲಿ." ನಿನ್ನ ಮಹಾನ್ ಶಿಕ್ಷಣ ಕ್ರಾಂತಿ ಅವನ ಅಟ್ಟದ ಮೇಲೆ ತರಗತಿವಾರು ಜೋಡಿಸಿಟ್ಟಿತ್ತು. ಮೋಟಾರು ಹಚ್ಚಿದ ಥರ್ಮಾಕೋಲ್ ಜಲಪಾತವೊಂದನ್ನು ಬಗಲಲ್ಲಿಟ್ಟುಕೊಂಡು ಬಂದು, ಇದೇ ಇವರ ಪ್ರಾಜೆಕ್ಟು ಎಂದೆ. ಯಾಕಮ್ಮನನ್ನೇ ಅದರ ಪಕ್ಕ ನಿಲ್ಲಿಸಿ ನಾಲ್ಕು ಸಾಲು ಉರು ಹೊಡೆಸಿದೆ. ಬಾಯಿಪಾಠ ಸಾಯಬೇಕು ಎಂದು ದೇಶಕ್ಕೆಲ್ಲ ಭಾಷಣ ಮಾಡುವವನು!

ಮರುದಿನ ಮುಖ್ಯ ಅತಿಥಿ ಬಗ್ಗಿ ಕೇಳಿದರು: "ಅಬ್ಬಾ, ಎಷ್ಟು ಚೆಂದ! ಈ ನೀರು ಎಲ್ಲಿಂದ ಬರುತ್ತೆ ಪುಟ್ಟಾ?" ಮೋಡಗಳಿಂದ ಎನ್ನಬೇಕಿತ್ತು. ಅವಳು ನನ್ನ ಕಡೆ ನೋಡಿದಳು. ಆಗಲೂ ನಾನು ಅಡ್ಡ ಬರಲಿಲ್ಲ.

"ನಿಮ್ ಬಾತ್‌ರೂಮಿಂದ ಸಾರ್. ಮೊದಲು ನಮ್ದಾಗಿತ್ತು."

ಜಲಪಾತದ ಮೋಟಾರು ಗೊರಗುಟ್ಟುತ್ತಲೇ ಇತ್ತು. "ಫೋಟೋ ಇದೆ, ತೋರಿಸ್ಲಾ?" ಎಂದು ಅವಳು ಟ್ಯಾಬಿಗೆ ಕೈ ಹಾಕುವಷ್ಟರಲ್ಲಿ ನೀನು ಬಗ್ಗಿ ವೈರು ಕಿತ್ತೆ. ಜಲಪಾತ ನಿಂತಿತು. ಒಂದು ಕಾಲಕ್ಕೆ ಪೊಲೀಸರು ನಮ್ಮ ಮೈಕಿನ ವೈರು ಕೀಳುತ್ತಿದ್ದರಲ್ಲ, ಅದೇ ಬಗ್ಗುವಿಕೆ, ಅದೇ ಅವಸರ. ಥೂ ನಿನ್ನ.

ಇದು ನನ್ನ ವಿವರಣೆ. ಆ ಹುಡುಗಿಯಿಂದ ಕ್ಷಮೆ ಕೇಳಿಸುವುದಿಲ್ಲ. ನಾನೂ ಕೇಳುವುದಿಲ್ಲ. ನಿನ್ನನ್ನು ದ್ವೇಷಿಸಲು ಹೋದೆ. ಅಷ್ಟು ಮರ್ಯಾದೆಯನ್ನೂ ನೀನು ಉಳಿಸಿಕೊಂಡಿಲ್ಲ. ಮಾರಿಕೊಂಡವರನ್ನು ಬಹಳ ನೋಡಿದ್ದೇನೆ. ನಮ್ಮ ಪ್ರಶ್ನೆಯನ್ನೇ ಕದ್ದು, ಅದಕ್ಕೆ ಬಣ್ಣದ ಕಾಗದ ಸುತ್ತಿ, ನಮ್ಮ ಮಕ್ಕಳಿಗೇ ತಂದು ಮಾರಿದವನನ್ನು ಇದೇ ಮೊದಲು ನೋಡಿದ್ದು.

ಬೀಗದ ಕೈ ಇನ್ನೂ ಬಂದಿಲ್ಲ. ಹುಡುಗಿಯರು ಇನ್ನೂ ನೀರು ಕುಡಿಯುತ್ತಿಲ್ಲ. ಪ್ರಾಜೆಕ್ಟು ಮುಗಿಯಿತೆಂದು ನಾನು ನಿನ್ನೆ ಹೇಳಿದಾಗ ಯಾಕಮ್ಮ ಒಪ್ಪಲಿಲ್ಲ. "ಮುಗಿದಿಲ್ಲ ಟೀಚರ್. ಬೀಗದ ಕೈ ಎಲ್ಲಿದೆಯೋ ಅಲ್ಲಿವರೆಗೂ ಬಾಣ ಹಾಕ್ಬೇಕಲ್ವಾ?"

ಹಾಕಬೇಕು ಎಂದೆ. ಕಬ್ಬಿಣದ ಪೆಟ್ಟಿಗೆಯಿಂದ ಮತ್ತೆ ಶುರು ಮಾಡಿದ್ದಾರೆ. ಬಾಣಗಳು ಗೇಟು ದಾಟಿವೆ, ಸ್ಟೇಷನರಿ ಅಂಗಡಿ ದಾಟಿವೆ. ತಾಯಂದಿರು ಜೊತೆಗಿದ್ದಾರೆ, ಖಾಲಿ ಬಕೆಟ್ಟು ಹಿಡಿದು. ನಿನ್ನ ಕಚೇರಿಗೆ ಇನ್ನೆರಡು ತಿರುವು. ನಮ್ಮ ಶಾಲೆಯಲ್ಲಿ ಏನಕ್ಕೆ ಬರವಿದ್ದರೂ ಸೀಮೆಸುಣ್ಣಕ್ಕಿಲ್ಲ. ಈ ಪತ್ರ ತರುತ್ತಿರುವವಳೂ ಯಾಕಮ್ಮನೇ.

ನಿನಗೆ ಚೆನ್ನಾಗಿ ಬಾಯಾರಲಿ ಎಂದು ಹರಸುತ್ತೇನೆ. ಗಂಟಲು ಒಣಗಿದಾಗಲಾದರೂ ನಿನ್ನ ಹಳೆಯ ದನಿ ನಿನಗೆ ನೆನಪಾಗಲಿ. ಕಚೇರಿಯ ಮೆಟ್ಟಿಲ ಮೇಲಿನ ಹೂಕುಂಡ ಸರಿಸಿಡು, ಕೊನೆಯ ಬಾಣಕ್ಕೆ ಜಾಗ ಬೇಕು.

ಒಮ್ಮೆ ನಿನಗೆ ಅಕ್ಕನಾಗಿದ್ದ,
ನಾಲ್ಕನೇ ತರಗತಿಯ ಟೀಚರು