ಎಮ್ಮೆಯಿಲ್ಲದ ಮನೆಗೆ ಸರಪಳಿ

ಜುಲೈ 1, ಮಂಗಳವಾರ

ಭಾನಕ್ಕನನ್ನು ಕಟ್ಟಿಹಾಕಲು ತೀರ್ಮಾನಿಸಿದ್ದಾರೆ. ಇದು ಅನ್ಯಾಯ. ಮೊದಲು ಅದನ್ನು ಬರೆದಿಡುತ್ತೇನೆ, ಉಳಿದದ್ದು ಆಮೇಲೆ.

ಬೆಳಿಗ್ಗೆ ಎಂದಿನಂತೆ ಓಬಳಮ್ಮನವರ ಪಾತ್ರೆಗೆ ಅರ್ಧ ಲೀಟರ್ ಹಾಲು ಹಾಕಿ ಡೈರಿಗೆ ಹೊರಟಿದ್ದೆ. ಪಕ್ಕದ ಮನೆ. ಭಾನಕ್ಕನ ಅತ್ತೆ. ನನ್ನನ್ನು ಎತ್ತಿ ಆಡಿಸಿದವರು. ತಮ್ಮ ದನಕರು ಮಾರಿದ ಮೇಲೆ ಅವರಿಗೆ ನಮ್ಮಲ್ಲೇ ಹಾಲು. ಇವತ್ತು ಮುಖದಲ್ಲಿ ಏನೋ ನಿರಾಳ.

"ಈ ರೇಷ್ಮೆ ಬೆಳೆ ಮುಗೀಲಿ ಕಣಮ್ಮ ಧನೂ. ಗೂಡು ಮಾರಿದ ಮಾರನೇ ದಿನಾನೇ ಭಾನೂನ ಗುಡ್ಡದ ಸ್ವಾಮಿ ಹತ್ರ ಬಿಟ್ಟು ಬರ್ತೀವಿ. ಗಡಿ ಆಚೆ, ಆಂಧ್ರದಲ್ಲಿ. ಮೂರು ತಿಂಗಳು ಅಲ್ಲಿದ್ರೆ ದಿಗಿಲು ಬಿಟ್ಟೋಗ್ತದಂತೆ."

"ಅಲ್ಲಿ ಏನ್ ಮಾಡ್ತಾರೆ ದೊಡ್ಡಮ್ಮ?"

"ಏನಿಲ್ಲ. ಮರದ ಕೆಳಗೆ ಕೂರಿಸ್ತಾರೆ. ಓಡೋಗ್ದಂಗೆ ಕಾಲಿಗೆ ಒಂದು ಇದು ಹಾಕ್ತಾರೆ."

ಒಂದು ಇದು! ಸರಪಳಿ ಅನ್ನಲು ಅವರಿಗೂ ನಾಲಿಗೆ ಏಳಲಿಲ್ಲ.

ಭಾನಕ್ಕನಿಗೆ ಎರಡು ವರ್ಷದಿಂದ ಹೀಗೆ. ಇದ್ದಕ್ಕಿದ್ದಂತೆ ಎದೆ ಬಡಿದುಕೊಳ್ಳುತ್ತದೆ, ಉಸಿರು ಒಳಗೆ ಹೋಗುವುದಿಲ್ಲ, ಬೆರಳು ಮಡಚಿಕೊಳ್ಳುತ್ತವೆ. ಆಮೇಲೆ ಸರಿ. ಮತ್ತೆ ಯಾವಾಗ ಬರುತ್ತೋ ಎಂಬ ಭಯ ಮಾತ್ರ ಹೋಗುವುದಿಲ್ಲ. ಮನೆಯವರು ಗಾಳಿ ಅನ್ನುತ್ತಾರೆ. ನಾನು ಪ್ಯಾನಿಕ್ ಅಟ್ಯಾಕ್ ಅನ್ನುತ್ತೇನೆ. ಕರಪತ್ರದಲ್ಲಿ ಓದಿದ್ದೇನೆ. ಬಿ.ಎ. ಓದುವಾಗಿನಿಂದ ಚಿಂತಾಮಣಿಯಲ್ಲಿ ಯಾರು ಯಾವ ಕರಪತ್ರ ಹಂಚಿದರೂ ಬಿಟ್ಟಿಲ್ಲ. ಒಂದು ಗೋಣಿಚೀಲ ಆಗಿದೆ. ಅಪ್ಪ ಅದನ್ನು "ನಿನ್ನ ವರದಕ್ಷಿಣೆ" ಅನ್ನುತ್ತಾರೆ.

ಇವತ್ತು ಚೀಲ ಸುರಿದು ಹುಡುಕಿದೆ. ಸಿಕ್ಕಿತು. ಮಾನಸಿಕ ಕಾಯಿಲೆ ಇರುವವರಿಗೆ ಸರಪಳಿ ಹಾಕಕೂಡದು — 2017ರ ಕಾಯ್ದೆ. ಕೆಂಪು ಪೆನ್ನಿನಲ್ಲಿ ಅಂಡರ್‌ಲೈನ್ ಮಾಡಿದೆ. ಕಾಯ್ದೆ ಇದೆ. ನಮ್ಮೂರು ಕೆಂಚಾರ್ಲಹಳ್ಳಿಗೆ ಬಂದಿಲ್ಲ ಅಷ್ಟೇ.

ಸದ್ಯಕ್ಕೆ ಕಾಪಾಡುತ್ತಿರುವುದು ಹುಳ. ರೇಷ್ಮೆ ಹುಳ ಮನೆಯಲ್ಲಿರುವಷ್ಟು ದಿನ ಅವರ ಮನೆಯವರು ತೋಟ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಸಾವಿನ ಮನೆಗಿಲ್ಲ, ದೇವರಿಗೂ ಇಲ್ಲ. ಹೋದವರು ರೋಗ ಹೊತ್ತು ತರುತ್ತಾರೆ ಎಂದು. ಬೆಳೆ ಮುಗಿಯುವವರೆಗೆ ಭಾನಕ್ಕ ಬಚಾವ್. ಆದರೆ ಅದೇ ಕಾರಣಕ್ಕೆ ಆಸ್ಪತ್ರೆಗೂ ಕಳಿಸುವುದಿಲ್ಲ...

ಜುಲೈ 3, ಗುರುವಾರ

ಅವರ ತೋಟಕ್ಕೆ ಸೊಪ್ಪು ಕೊಯ್ಯಲು ಹೋದೆ. ಕೂಲಿಗಲ್ಲ. ಹಿಪ್ಪುನೇರಳೆ ಸಾಲಿನೊಳಗೆ ಕೂತರೆ ಹೊರಗಿನವರಿಗೆ ತಲೆ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ನಮಗೆ ಇದಕ್ಕಿಂತ ಒಳ್ಳೆಯ ಕ್ಲಿನಿಕ್ ಯಾವುದು?

ಭಾನಕ್ಕನಿಗೆ ಕರಪತ್ರದ ಅಭ್ಯಾಸ ಹೇಳಿಕೊಟ್ಟೆ. ದಿಗಿಲು ಬಂದಾಗ ಕಾಣುವ ಐದು ವಸ್ತು ಹೆಸರಿಸು, ಮುಟ್ಟುವ ನಾಲ್ಕು, ಕೇಳುವ ಮೂರು ಶಬ್ದ. ಮನಸ್ಸು ನೆಲಕ್ಕೆ ಇಳಿಯುತ್ತದೆ.

ಕೂಲಿಗೆ ಬಂದಿದ್ದ ಮುನಿರತ್ನಮ್ಮ ಶುರು ಮಾಡಿದಳು: "ಕಾಣೋದು ಐದಾ? ಸೊಪ್ಪು, ಸೊಪ್ಪು, ಸೊಪ್ಪು, ಸೊಪ್ಪು, ನಿನ್ ಮೂತಿ!"

ಎಲ್ಲರೂ ನಕ್ಕರು. ಭಾನಕ್ಕನೂ. ನಗು ನಿಂತ ಮೇಲೆ ಮುನಿರತ್ನಮ್ಮ ಕುಡುಗೋಲು ಕೆಳಗಿಟ್ಟಳು. "ನಂಗೂ ಸಂತೆಗೋದ್ರೆ ಎದೆ ಹಿಂಗೇ ಹೊಡ್ಕೊಂತದೆ ಕಣೇ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಇವಳಿಗೆ ಮಾಡ್ದಂಗೆ ನಂಗೂ ಬೇವಿನ ಸೊಪ್ಪಲ್ಲಿ ಬಾರಿಸ್ತಾರೆ."

ಭಾನಕ್ಕನ ತೋಳಿನಲ್ಲಿ ಬರೆಗಳಿವೆ. ಇವತ್ತು ನೋಡಿದೆ.

"ಶಬ್ದ ಮೂರು ಅಂದ್ಯಲ್ಲ," ಅಂದಳು ಭಾನಕ್ಕ. "ಹುಳ ದೊಡ್ಡವಾದ ಮೇಲೆ ಅವನ್ನ ಸಾಕೋ ಮನೇಲಿ ಒಂದೇ ಶಬ್ದ ಧನು. ತಿನ್ನೋದು. ಹೊರಗೆ ಮಳೆ ಬರ್ತಿದೆ ಅನ್ಸುತ್ತೆ. ಬಾಗ್ಲು ತೆಗೆದ್ರೆ ಬಿಸ್ಲು. ಅಲ್ಲೇ ನಂಗೆ ಶುರುವಾಗೋದು."

ಜುಲೈ 8, ಮಂಗಳವಾರ

ಹುಳ ನಾಲ್ಕನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವುದನ್ನು ಇಲ್ಲಿ ಜ್ವರ ಅನ್ನುತ್ತಾರೆ. ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಓಬಳಮ್ಮ ಪಿಸುಮಾತಿನಲ್ಲೇ ಎಲ್ಲರನ್ನೂ ಗದರುತ್ತಾರೆ. ಹುಳಕ್ಕೆ ಇಷ್ಟು ಮರ್ಯಾದೆ. ಜ್ವರ ಬಂದರೆ ಸುಮ್ಮನೆ ಬಿಡಬೇಕು ಎಂದು ಗೊತ್ತಿರುವ ಜನವೇ ಇವರು!

ಕೊಯ್ಲು ಇಲ್ಲ. ಬಸ್ ಹತ್ತಿ ಚಿಂತಾಮಣಿ ಆಸ್ಪತ್ರೆಗೆ ಹೋದೆ. ಮಂಗಳವಾರ ಮನೋವೈದ್ಯರು ಬರುತ್ತಾರೆ. ಜೊತೆಗೆ ಕೌನ್ಸೆಲರ್ ಪದ್ಮಶ್ರೀ ಮೇಡಂ. ಬೆಂಚಿನ ತುಂಬ ಹೆಂಗಸರು. ಬುರ್ಖಾದವರು, ಹೂ ಮುಡಿದವರು, ಮಗು ಎತ್ತಿಕೊಂಡವರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಎಲ್ಲಾ ಹೇಳಿದೆ. ಕಾಯ್ದೆಯ ಕಾಗದವನ್ನೂ ಮುಂದಿಟ್ಟೆ. ಮೇಡಂ ಕಾಗದ ಮುಟ್ಟಲಿಲ್ಲ.

"ನೀನು ಅವಳಿಗೆ ಏನು ಹೇಳ್ತಿರ್ತೀಯ?"

"ಧೈರ್ಯ ತಂದ್ಕೋ ಅಂತೀನಿ."

"ಅದನ್ನ ನಿಲ್ಲಿಸು. ಅವಳು ಪುಕ್ಕಲಿ ಅಲ್ಲ. ಜೊತೇಲಿ ಕೂತ್ಕೋ, ನಿಧಾನ ಉಸಿರಾಡು, ಸಾಕು. ಇದಕ್ಕೆ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆ, ಬೇಕಾದ್ರೆ ಮಾತ್ರೆ. ಬಹಳ ಜನ ಸುಧಾರಿಸ್ತಾರೆ. ಕಟ್ಟಿಹಾಕೋಕೆ ಮುಂಚೆ ಕರ್ಕೊಂಡು ಬಾ. ಬೇಕಾದ ಅಧಿಕಾರಿಗಳಿಗೆ ನಾನು ಬರೀತೀನಿ. ಆದ್ರೆ ಮನೆಯವರಲ್ಲಿ ಒಬ್ಬರನ್ನಾದ್ರೂ ನಿನ್ನ ಕಡೆ ಮಾಡ್ಕೋ. ನಾಳೆ ಅವಳು ವಾಪಸ್ ಹೋಗ್ಬೇಕಾಗಿರೋದು ಆ ಮನೆಗೇ."

ಕೊನೆಯ ಮಾತು ಹಿಡಿಸಲಿಲ್ಲ. ಆ ಮನೆಗೇ ಯಾಕೆ ಹೋಗಬೇಕು? ಬಸ್ಸಿನಲ್ಲಿ ಇಡೀ ದಾರಿ ಮನಸ್ಸಿನಲ್ಲೇ ಮೇಡಂ ಜೊತೆ ಜಗಳವಾಡಿದೆ.

ಜುಲೈ 12, ಶನಿವಾರ, ಸಂಜೆ

ಗೆದ್ದೆವು!

ಮಧ್ಯಾಹ್ನ ಅಪ್ಪ ಟೊಮೇಟೊಗೆ ಔಷಧಿ ಹೊಡೆಯುತ್ತಿದ್ದರು. ಡ್ರಮ್ಮಿನಲ್ಲಿ ಕಲಸಿ ಕೊಡುತ್ತಿದ್ದೆ. ಮುನಿರತ್ನಮ್ಮ ಬದುವಿನಿಂದ ಕೂಗಿದಳು — ಭಾನುಗೆ ಬಂದದೆ, ಹುಳದ ಮನೇಲಿ, ಓಬಳಮ್ಮ ಬೇವಿನ ಸೊಪ್ಪು ತರಕ್ಕೆ ಹೋಗವ್ಳೆ. ಓಡಿದೆ.

ಕಾಲಿನ ಸೋಂಕು ಕಳೆಯಲು ಬಾಗಿಲಲ್ಲಿ ಹಾಕಿದ್ದ ಬ್ಲೀಚಿಂಗ್ ಪುಡಿ ತುಳಿದೇ ಒಳಗೆ ಹೋದೆ. ಭಾನಕ್ಕ ಮುಂದಿನ ಸಾಲಿನ ಹುಳದ ತಟ್ಟೆಗಳ ಕೆಳಗೆ ಮುದುಡಿದ್ದಳು. "ಚಚ್ಚಿಪೋತಾನೇ ಅಮ್ಮಾ..." — ಸಾಯುತ್ತೇನೆ ಅಂತ, ತವರಿನ ತೆಲುಗಿನಲ್ಲಿ. ಸುತ್ತ ಆ ಮಳೆಯ ಸದ್ದು. ಧೈರ್ಯ ತಂದ್ಕೋ ಅನ್ನಲಿಲ್ಲ. ಕೂತೆ. ತಬ್ಬಿಕೊಂಡೆ. ನನ್ನ ದುಪಟ್ಟಾದಿಂದ ಅವಳ ಮುಖ ಒರೆಸಿದೆ. ನಿಧಾನ ಉಸಿರಾಡಿದೆ. ಅವಳೂ ಉಸಿರಾಡಿದಳು.

ಅವಳೇ ಎದ್ದಳು. "ಸೊಪ್ಪು ಹಾಕೋ ಹೊತ್ತು ಮೀರ್ತು ಧನು." ಇಬ್ಬರೂ ಸೇರಿ ಮುಂದಿನ ಸಾಲಿಗೆ ಸೊಪ್ಪು ಹಾಕಿದೆವು. ಓಬಳಮ್ಮ ಬೇವಿನ ಸೊಪ್ಪು ಹಿಡಿದು ಬಂದು ಬಾಗಿಲಲ್ಲೇ ನಿಂತರು. ಹೊಡೆಯಲು ಏನೂ ಉಳಿದಿರಲಿಲ್ಲ.

ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಜುಲೈ 13, ಭಾನುವಾರ

ಮುಂದಿನ ಸಾಲು ಸಾಯುತ್ತಿದೆ. ಹುಳ ಹಸಿರು ಕಕ್ಕುತ್ತಿವೆ. ತಲೆ ಅತ್ತಿತ್ತ ಒದರಿ ಮಡಚಿಕೊಳ್ಳುತ್ತಿವೆ. ಮುಂದಿನ ಸಾಲು ಮಾತ್ರ. ನಾವು ಸೊಪ್ಪು ಹಾಕಿದ ಸಾಲು.

ನನ್ನ ಚೂಡಿದಾರ್ ಹಗ್ಗದ ಮೇಲಿದೆ. ಒಗೆದಿದ್ದೇನೆ. ಇನ್ನೂ ಔಷಧಿ ವಾಸನೆ.

ಜುಲೈ 14, ಸೋಮವಾರ

ಹೇಳಿಬಿಟ್ಟೆ. ಎಲ್ಲರ ಮುಂದೆ. ಓಬಳಮ್ಮ, ಅವರ ಗಂಡ ನರಸಿಂಹಪ್ಪ, ಮಗ ಮುರಳಣ್ಣ — ಭಾನಕ್ಕನ ಗಂಡ — ಜಗುಲಿಯಲ್ಲಿ ಕೂತಿದ್ದರು. ಭಾನಕ್ಕ ಕಂಬದ ಹಿಂದೆ.

"ಭಾನಕ್ಕ ಏನೂ ಮಾಡಿಲ್ಲ ದೊಡ್ಡಮ್ಮ. ನನ್ನ ಮೈಮೇಲೆ ಟೊಮೇಟೊ ಔಷಧಿ ಇತ್ತು. ಕೈಯಲ್ಲೂ ಇತ್ತು. ತಪ್ಪು ನಂದು."

ಓಬಳಮ್ಮ ನನ್ನ ಗಲ್ಲ ಹಿಡಿದರು. ಪ್ರೀತಿಯಿಂದ. "ಎಷ್ಟು ಒಳ್ಳೇವ್ಳು ನೀನು! ಅವಳನ್ನ ಉಳಿಸಕ್ಕೆ ನಿನ್ನ ಮೇಲೆ ಹಾಕ್ಕೊಂತೀಯಲ್ಲ. ಹುಟ್ದಾಗಿಂದ ನೋಡಿದೀನಿ, ನಿನ್ನಿಂದ ಒಂದು ಇರುವೆ ಸತ್ತಿಲ್ಲ. ಹುಳದ ಮುಂದೆ ಕೂತು ಸಾಯ್ತೀನಿ ಸಾಯ್ತೀನಿ ಅಂದವ್ಳು ಇವಳು. ಅವು ಕೇಳಿಸ್ಕೊಂಡ್ವು."

"ದೊಡ್ಡಮ್ಮ, ಈ ದುಪಟ್ಟಾ ವಾಸನೆ ನೋಡಿ ಬೇಕಾದ್ರೆ —"

"ಸುಮ್ನಿರಮ್ಮ. ನಿಮ್ಮಪ್ಪ ಮುನಿವೆಂಕಟಪ್ಪಂಗೂ ನಮಗೂ ಯಾಕೆ ತಂದಿಡ್ತೀಯ?"

ನಿಜ ಹೇಳಿದರೆ ಸಾಕು ಎಂದುಕೊಂಡಿದ್ದೆ. ನಂಬಲು ಯಾರಿಗೂ ಮನಸ್ಸೇ ಇಲ್ಲ. ಮುರಳಣ್ಣ ಮಾತ್ರ ನನ್ನ ಕೈಯಲ್ಲಿದ್ದ ದುಪಟ್ಟಾ ನೋಡಿದರು. ಆಮೇಲೆ ನೆಲ.

ಜುಲೈ 19, ಶನಿವಾರ

ಬರೆಯಲು ಆಗಲಿಲ್ಲ.

ಉಳಿದ ಹುಳ ಬೆಳೆದು ಹಣ್ಣಾಗಿ ಮೂರು ದಿನದ ಹಿಂದೆಯೇ ಚಂದ್ರಿಕೆಗೆ ಏರಿವೆ. ಆ ಬಿದಿರಿನ ಸುರುಳಿಗಳಲ್ಲಿ ಗೂಡು ಕಟ್ಟುತ್ತಿವೆ. ಮಂಗಳವಾರ ಮಾರ್ಕೆಟ್ಟಿಗೆ. ಬುಧವಾರ ಗುಡ್ಡಕ್ಕೆ.

ಭಾನಕ್ಕನನ್ನು ಹಿತ್ತಲ ಕೋಣೆಗೆ ಹಾಕಿದ್ದಾರೆ. ಹೊರಗಿನಿಂದ ಚಿಲಕ. ನನ್ನನ್ನು ಒಳಗೆ ಬಿಡುವುದಿಲ್ಲ. ಗದರುವುದೂ ಇಲ್ಲ. "ಆಮೇಲೆ ಬಾ ಕಣಮ್ಮ" ಅಷ್ಟೇ.

ಇವತ್ತು ಹಾಲು ಹಾಕಲು ಹೋದಾಗ ಓಬಳಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಏನನ್ನೋ ಅರಿಸಿನ ನೀರಲ್ಲಿ ತೊಳೆಯುತ್ತಿದ್ದರು. ಹೊಸ ಸರಪಳಿ. ಸಣ್ಣ ಕೊಂಡಿಗಳದ್ದು. ತುಂಬ ಶ್ರದ್ಧೆಯಿಂದ, ಒಂದೊಂದೇ ಕೊಂಡಿ ಉಜ್ಜಿ.

"ಏನು ದೊಡ್ಡಮ್ಮ ಇದು?"

"ಎಮ್ಮೆಗೆ."

"ನಿಮ್ಮನೇಲಿ ಎಮ್ಮೆ ಇಲ್ವಲ್ಲ."

ತಲೆ ಎತ್ತಲಿಲ್ಲ. "ಬರ್ತದೆ."

ಮುನಿರತ್ನಮ್ಮ ಹೇಳಿದಳು — ಆ ಸ್ವಾಮಿಯ ಹತ್ತಿರ ಸರಪಳಿ ಮನೆಯವರೇ ತರಬೇಕಂತೆ. ಮನೆಯ ಹೆಂಗಸು ತನ್ನ ಕೈಯಾರೆ ತೊಳೆದು ತರಬೇಕಂತೆ. ಆಗಲೇ ಗುಣವಾಗುವುದಂತೆ.

ಜುಲೈ 20, ಭಾನುವಾರ

ಪದ್ಮಶ್ರೀ ಮೇಡಂ ಹೇಳಿದ್ದೇ ದಾರಿ. ಮನೆಯವರಲ್ಲಿ ಒಬ್ಬರು. ಮುರಳಣ್ಣನನ್ನು ತೋಟದ ಪಂಪ್‌ಸೆಟ್ ಹತ್ತಿರ ಹಿಡಿದೆ.

"ಅಣ್ಣ, ಆ ಹುಳ ಯಾಕೆ ಸತ್ವು ಅಂತ ನಿಮಗೆ ಗೊತ್ತು."

ಬಹಳ ಹೊತ್ತು ಕೈ ತೊಳೆದರು. "ಹಸಿರು ಕಕ್ಕಿದ್ರೆ ಔಷಧೀನೇ. ಹುಳ ಸಾಕೋನಿಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಮ್ಮಪ್ಪ ನಿಮ್ಮಪ್ಪನ ಮೇಲೆ ಹೋಗೋರು. ಎರಡು ಮನೆ ಹಾಳಾಗೋದು ಧನೂ."

ಇಬ್ಬರು ಗಂಡಸರು ಜಗಳವಾಡಬಾರದು. ಅದಕ್ಕೆ ಒಬ್ಬ ಹೆಂಗಸಿನ ಕಾಲಿಗೆ ಸರಪಳಿ. ಹಾಗೇ ಅಂದೆ, ಮುಖದ ಮೇಲೆ. ಕಾಯ್ದೆ ಹೇಳಿದೆ. ಜೈಲು ಹೇಳಿದೆ. ತಲೆ ತಗ್ಗಿಸಿ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ.

"ಆ ಮೇಡಂ ಹತ್ರ ಹೋದ್ರೆ ಇವಳು ಮೊದ್ಲಿನಂಗೆ ನಗ್ತಾಳಾ?"

ನನಗೆ ತಿಳಿಯದು. ಹೌದು ಅಂದುಬಿಟ್ಟೆ.

ಜುಲೈ 21, ಸೋಮವಾರ, ಸಂಜೆ ಆರು ಗಂಟೆ

ಗೂಡು ಬಿಡಿಸಿ ಚೀಲಕ್ಕೆ ತುಂಬಿದ್ದಾರೆ. ನಾಳೆ ಬೆಳಗಾಗುವ ಮುಂಚೆ ನರಸಿಂಹಪ್ಪ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಡುತ್ತಾರೆ. ಓಬಳಮ್ಮ ಒಂದು ಹಿಡಿ ಗೂಡು ತೆಗೆದುಕೊಂಡು ಗಂಗಮ್ಮನ ಗುಡಿಗೆ ಹೋಗುತ್ತಾರೆ, ಪ್ರತಿ ಬೆಳೆಗೂ ಹಾಗೆ. ಆಗ ಮನೆಯಲ್ಲಿ ಮುರಳಣ್ಣ ಒಬ್ಬರೇ.

ಮಧ್ಯಾಹ್ನ ನಮ್ಮ ಕೊಟ್ಟಿಗೆಗೆ ಬಂದರು. ಒಳಗೆ ಬರಲಿಲ್ಲ. ಹಸುವಿಗೆ ಹೇಳುವ ಹಾಗೆ ಹೇಳಿದರು: "ನಾಳೆ ಆರೂವರೆಗೆ ಡೈರಿ ಹಿಂದೆ ಇರು. ನಾನೇ ಭಾನೂನ ಬೈಕಲ್ಲಿ ಕರ್ಕೊಂಡು ಬರ್ತೀನಿ. ಏಳು ಗಂಟೆ ಬಸ್ಸಿಗೆ ಇಬ್ರೂ ಹೋಗಿ. ಯಾರಿಗೂ ಹೇಳ್ಬೇಡ."

ಮೇಡಂಗೆ ಫೋನ್ ಮಾಡಿದೆ. ಕಾಯುತ್ತೇನೆ ಅಂದರು.

ಆಮೇಲೆ ಹಿತ್ತಲಿಗೆ ಹೋಗಿ ಕಿಟಕಿ ತಟ್ಟಿದೆ. ಭಾನಕ್ಕ ತೆಳ್ಳಗಾಗಿದ್ದಾಳೆ. ಸರಪಳಿಗೆಂದು ಕಾಲುಂಗುರವನ್ನೂ ತೆಗೆಸಿದ್ದಾರೆ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಅಂದೆ.

"ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ ಧನು. ನೀನು ಮಧ್ಯ ಬಾಯಿ ಹಾಕಿ ಭಾಷಣ ಮಾಡ್ಬಾರ್ದು."

"ಮಾಡಲ್ಲ ಅಕ್ಕ." ಅಳು ಬಂತು. "ಮುರಳಣ್ಣ ಒಪ್ಪಿದಾರೆ. ಅವರೇ ಕರ್ಕೊಂಡು ಬರ್ತಾರೆ."

ಅವಳು ನಗಲಿಲ್ಲ. "ಅವರು ಕೆಟ್ಟೋರಲ್ಲ. ಹೇಳಿದ್ದು ಮಾಡ್ತಾರೆ. ಕೊನೇಲಿ ಯಾರು ಹೇಳ್ತಾರೋ, ಅವರು ಹೇಳಿದ್ದು."

ಅದೇ ದಿನ, ಏಳೂವರೆ

ಅವರ ಮನೆ ಮುಂದೆ ಬಿಳಿ ವ್ಯಾನು ಬಂದು ನಿಂತಿದೆ. ಆಂಧ್ರದ ನಂಬರ್. ಡ್ರೈವರ್ ಜಗುಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದಾನೆ. ಬುಧವಾರ ಗುಡ್ಡಕ್ಕೆ ಹೋಗಬೇಕಾದ ವ್ಯಾನು ಸೋಮವಾರವೇ ಯಾಕೆ ಬಂತು?

ಮುರಳಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ವಿಚ್ ಆಫ್.

ಗೋಡೆಯಾಚೆ ಓಬಳಮ್ಮನ ದನಿ, ಮೆತ್ತಗೆ: "ಮುರಳೀ, ಬಾರಪ್ಪ, ಊಟಕ್ಕೆ ಕೂತ್ಕೊ. ನಿನ್ನ ಹತ್ರ ಒಂದು ಮಾತಾಡ್ಬೇಕು."

ಅಪ್ಪನಿಗೆ ಎಲ್ಲಾ ಹೇಳಿದೆ. ಔಷಧಿಯ ವಿಷಯವೂ. ಬೈಯಲಿಲ್ಲ. ಟಾರ್ಚ್ ಚಾರ್ಜಿಗೆ ಹಾಕಿದರು. "ನಾನೂ ಬರ್ತೀನಿ, ಕ್ಯಾನ್ ಹಿಡ್ಕೊಂಡು, ಹಾಲಿಗೆ ಬಂದಂಗೆ" ಅಂದರು. ಮುನಿರತ್ನಮ್ಮನೂ ಬರುತ್ತಾಳೆ. ಕುಡುಗೋಲು ತರಬೇಡ ಅಂದಿದ್ದೇನೆ.

ಡೈರಿ ಮುಂದೆ ರಸ್ತೆ ಒಂದೇ. ಚಿಂತಾಮಣಿಗೆ ಹೋಗಬೇಕಾದರೂ ಅದೇ, ಗಡಿಗೆ ಹೋಗಬೇಕಾದರೂ ಅದೇ. ಬೈಕ್ ಬಂದರೆ ಬಸ್ ಹತ್ತುತ್ತೇವೆ. ವ್ಯಾನು ಬಂದರೆ ಅಡ್ಡ ನಿಲ್ಲುತ್ತೇನೆ.

ಮಂಗಳವಾರ, ಬೆಳಿಗ್ಗೆ ಆರೂವರೆ, ಡೈರಿ ಹಿಂದೆ — ತಿರುವಿನಲ್ಲಿ ಗಾಡಿಯ ಸದ್ದು ಕೇಳುತ್ತಿದೆ, ಬೈಕೋ ವ್ಯಾನೋ ಇನ್ನೂ ಕಾಣುತ್ತಿಲ್ಲ, ರಸ್ತೆಗೆ ಇಳಿಯುತ್ತಿದ್ದೇನೆ.